ಮೂರನೇ ಲೈನಿನ ಒಂಬತ್ತು ಟ್ಯೂಬು

ಕಾಲರಕ್ಕ ಮಾಡಿದ್ದು ತಪ್ಪು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಮೂಗು ಮುರಿಯಬಾರದು. ಆದರೆ ಆ ತಪ್ಪು ಮಾಡಬೇಕಾದರೆ ಶರ್ಟು ಕಾರ್ಖಾನೆಯ ಮೂರನೇ ಲೈನಿನಲ್ಲೇ ಹತ್ತೊಂಬತ್ತು ವರ್ಷ ಸವೆದಿರಬೇಕು. ಬೇರೆಯವರ ಕೈಲಿ ಅದು ಆಗುತ್ತಿರಲಿಲ್ಲ.

ಶೆಡ್ಡಿನಲ್ಲಿ ಮೂರು ಲೈನು; ಒಂದು ಲೈನಿಗೆ ಒಂಬತ್ತು ಮಿಷನ್ನು, ಒಂಬತ್ತು ಹೆಂಗಸರು. ಶರ್ಟಿನ ಯಾವ ಭಾಗ ಹೊಲಿಯುತ್ತಾರೋ ಅದರಿಂದಲೇ ಅವರನ್ನು ಕರೆಯುವುದು. ಕಾಲರು ಕೂಡಿಸುವವಳು ಕಾಲರಕ್ಕ. ವಯಸ್ಸು ನಲವತ್ತಾರು, ಗಂಡ ತೀರಿಕೊಂಡು ಎಂಟು ವರ್ಷ. ಪಕ್ಕದ ಮಿಷನ್ನಿನಲ್ಲಿ ಜೇಬು ಹೊಲಿಯುವ ಜೇಬಮ್ಮ. ಮೂವತ್ತೆರಡರ ಸಣ್ಣಕಾಯದ ಹೆಂಗಸು, ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಕೊನೆಯಲ್ಲಿ ಗುಂಡಿಗೆ ಕಾಜಾ ಹಾಕುವ ಕಾಜಾ ಚಿಕ್ಕಮ್ಮ; ಅವಳ ಬಾಯಿ ಮುಚ್ಚಿಸಲು ಊಟದ ಗಂಟೆಯೇ ಹೊಡೆಯಬೇಕು. ಗಂಟೆಗೆ ಇಷ್ಟು ಪೀಸು ಎಂದು ಸೂಪರ್‌ವೈಸರ್ ಬೋರ್ಡಿನ ಮೇಲೆ ಬರೆಯುತ್ತಾನೆ. ಮಗುವಿಗೆ ಜ್ವರವೋ, ತಿಂಗಳ ಹೊಟ್ಟೆನೋವೋ, ಹಿಂದಿನ ದಿನ ಮನೆಯಲ್ಲಿ ಬಿದ್ದ ಏಟೋ, ಏನೋ ಒಂದಕ್ಕೆ ಯಾರಾದರೂ ಹಿಂದೆ ಬಿದ್ದರೆ ಪಕ್ಕದವಳು ಅವಳ ಬಟ್ಟೆಯ ಕಟ್ಟನ್ನು ಸದ್ದಿಲ್ಲದೆ ತನ್ನ ಕಡೆಗೆ ಎಳೆದುಕೊಂಡು, ಹೊಲಿದು, ಲೆಕ್ಕಕ್ಕೆ ಅವಳ ನಂಬರಿನ ಚೀಟಿಯನ್ನೇ ಸಿಕ್ಕಿಸಿ ಮುಂದೆ ತಳ್ಳುತ್ತಾಳೆ. ಇದಕ್ಕೆ ತುಂಬಿಕೊಡುವುದು ಎನ್ನುತ್ತಾರೆ. ತುಂಬಿಕೊಟ್ಟದ್ದನ್ನು ಯಾರೂ ಎತ್ತಿ ಆಡುವುದಿಲ್ಲ, ಬಾಯಿ ಬಿಡುವುದಿಲ್ಲ. ಕಾಲರಕ್ಕನಷ್ಟು ತುಂಬಿಕೊಟ್ಟವಳು ಆ ಶೆಡ್ಡಿನಲ್ಲೇ ಇಲ್ಲ.

ಅಂಥ ಲೈನಿಗೆ ಒಂದು ಮಂಗಳವಾರ ನರ್ಸಮ್ಮ ಬಂದಳು, ಭುಜಕ್ಕೆ ನೀಲಿ ಚೀಲ ನೇತುಹಾಕಿಕೊಂಡು. ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಆ ಕ್ಯಾನ್ಸರಿನ ಹಿಂದೆ ಇರುವುದು ಎಚ್‌ಪಿವಿ ಎಂಬ ವೈರಸ್ಸು. ಅದು ಇದೆಯೋ ಇಲ್ಲವೋ ನೋಡಿಬಿಟ್ಟರೆ ಕ್ಯಾನ್ಸರ್ ಆಗುವ ವರ್ಷಗಟ್ಟಲೆ ಮುಂಚೆಯೇ ತಡೆಯಬಹುದು. ಹೆಂಗಸರು ಡಾಕ್ಟರ ಮುಂದೆ ಮಲಗುವ ಬದಲು ತಾವೇ ಟಾಯ್ಲೆಟ್ಟಿಗೆ ಹೋಗಿ ಮಾದರಿ ತೆಗೆದುಕೊಟ್ಟರೆ ಪರೀಕ್ಷೆ ಸರಿಯಾಗಿ ನಡೆಯುತ್ತದೆಯೇ, ಹೆಚ್ಚು ಜನ ಮುಂದೆ ಬರುತ್ತಾರೆಯೇ, ಇದೇ ಸಂಶೋಧನೆಯ ವಿಷಯ. ಒಬ್ಬೊಬ್ಬರಿಗೂ ಒಂದೊಂದು ಕವರು ಕೊಟ್ಟಳು. ಒಳಗೆ ಉದ್ದ ಕಡ್ಡಿಯ ತುದಿಗೆ ಮೆತ್ತನೆ ಬ್ರಷ್ಷು, ಒಂದು ಟ್ಯೂಬು, ಟ್ಯೂಬಿನ ಮೇಲೆ ಅವರವರ ನಂಬರು.

“ಒಳಗೆ ಹಾಕಿ ಐದು ಸುತ್ತು ತಿರುಗಿಸಿ. ಟ್ಯೂಬಲ್ಲಿಟ್ಟು ಮುಚ್ಚಳ ಹಾಕಿದ್ರೆ ಮುಗೀತು. ನೋವಾಗಲ್ಲ,” ಎಂದಳು ನರ್ಸಮ್ಮ.

“ನಾಲ್ಕು ಹೆತ್ತ ಮೇಲೆ ಆ ಕಡೆ ನಾನೇ ತಿರುಗಿ ನೋಡಿಲ್ಲ ತಾಯಿ, ಈಗ ಬ್ರಷ್ ಬೇರೆ ಹಾಕ್ಬೇಕಾ?” ಎಂದಳು ಕಾಜಾ ಚಿಕ್ಕಮ್ಮ. ಲೈನಿಗೆ ಲೈನೇ ನಕ್ಕಿತು.

ಎಲ್ಲರೂ ಸಹಿ ಹಾಕಿದರು. ಕಾಗದ ಕೊಟ್ಟರೆ ಸಹಿ ಹಾಕುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಆದರೆ ಟಾಯ್ಲೆಟ್ಟಿಗೆ ಮಾತ್ರ ಒಬ್ಬಳೂ ಏಳಲಿಲ್ಲ. ಒಬ್ಬಳಿಗೆ ನಾಚಿಕೆ, ಇನ್ನೊಬ್ಬಳಿಗೆ ಏನಾದರೂ ಇದ್ದುಬಿಟ್ಟರೆ ಎಂಬ ಹೆದರಿಕೆ. ಸೂಪರ್‌ವೈಸರ್ ಬೇರೆ ಗಡಿಯಾರ ನೋಡಿಕೊಂಡು ಗುರುಗುಟ್ಟುತ್ತಿದ್ದ: “ಒಬ್ಬೊಬ್ಬರಿಗೆ ಹತ್ತು ನಿಮಿಷ ಅಂದ್ರೆ ನನ್ನ ಟಾರ್ಗೆಟ್ ಯಾರು ಮುಗಿಸ್ತಾರೆ? ನರ್ಸಾ?”

ಜೇಬಮ್ಮ ಕಾಲರಕ್ಕನ ಕಡೆಗೆ ವಾಲಿದಳು. “ಅಕ್ಕಾ, ಮನೇಲಿ ಗೊತ್ತಾದ್ರೆ ಚರ್ಮ ಸುಲೀತಾರೆ. ಸಹಿ ಬೇರೆ ಮಾಡ್ಬಿಟ್ಟೆ. ಏನು ಮಾಡ್ಲಿ?”

“ತಾ ಇಲ್ಲಿ,” ಎಂದು ಕಾಲರಕ್ಕ ಕವರನ್ನು ಕಿತ್ತುಕೊಂಡಳು.

ಒಂದು ಕಿತ್ತುಕೊಂಡ ಮೇಲೆ ಉಳಿದ ಏಳೂ ಮೇಜಿನ ಕೆಳಗಿನಿಂದ ತಾವಾಗಿಯೇ ಅವಳ ಮಡಿಲಿಗೆ ಬಂದವು. ಟೀ ಹೊತ್ತಿನಲ್ಲಿ ನಾಲ್ಕು, ಊಟದ ಹೊತ್ತಿನಲ್ಲಿ ಐದು. ಚಿಲಕ ಸರಿಯಿಲ್ಲದ ಟಾಯ್ಲೆಟ್ಟಿನ ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಕಾಲರಕ್ಕ ಒಂಬತ್ತು ಟ್ಯೂಬನ್ನೂ ತುಂಬಿದಳು. ಅವಳ ಲೆಕ್ಕದಲ್ಲಿ ಆಸ್ಪತ್ರೆಯೂ ಒಂದು ಕಾರ್ಖಾನೆ. ಅವರಿಗೆ ಬೇಕಾದದ್ದು ಒಂಬತ್ತು ಪೀಸು. ನೆಗಡಿಯಾಗಿ ಎರಡು ವರ್ಷವಾದ ಗಟ್ಟಿ ಮೈ ತನ್ನದು, ಈ ಆರೋಗ್ಯ ಎಲ್ಲರ ಹೆಸರಿಗೂ ಬರಲಿ ಬಿಡು ಎಂದುಕೊಂಡಳು. ನೋಡಿ, ಎಷ್ಟು ಒಳ್ಳೆಯ ಮನಸ್ಸಿನಿಂದ ಎಂಥ ಅನಾಹುತ!

“ನೂರಕ್ಕೆ ನೂರು! ಮೂರನೇ ಲೈನೇ ಫಸ್ಟು,” ಎಂದು ನರ್ಸಮ್ಮ ಸಂಜೆ ಚಪ್ಪಾಳೆ ತಟ್ಟಿದಳು.

ಮೂರು ವಾರದ ಮೇಲೆ ಅದೇ ನರ್ಸಮ್ಮ ಬಂದಾಗ ಮುಖ ಬಿಳಿಚಿತ್ತು. ಫಸ್ಟ್ ಏಡ್ ಕೋಣೆಗೆ ಒಬ್ಬೊಬ್ಬರನ್ನೇ ಕರೆದಳು. ಒಂದು ಮಂಚ, ತೂಕದ ಯಂತ್ರ, ಅಯೋಡಿನ್ ವಾಸನೆ. ಕಾಲರಕ್ಕನ ಸರದಿ ಬಂದಾಗ ನರ್ಸಮ್ಮ ಅವಳ ಕೈ ಹಿಡಿದುಕೊಂಡಳು.

“ವೈರಸ್ ಇದೆ ಅಂತ ಬಂದಿದೆ ಅಕ್ಕ. ಕ್ಯಾನ್ಸರ್ ಅಲ್ಲ, ಹೆದರ್ಬೇಡಿ. ಇದು ಎಷ್ಟೋ ಜನಕ್ಕೆ ಬಂದು ತಾನಾಗೇ ಹೋಗುತ್ತೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತೆ. ಗಂಡು ಹೆಣ್ಣು ಕೂಡೋದ್ರಿಂದ ಬರೋದು, ಆದ್ರೆ ಯಾವಾಗ ಬಂತು, ಯಾರಿಂದ ಬಂತು ಅಂತ ಯಾರಿಗೂ ಹೇಳೋಕಾಗಲ್ಲ. ಈ ವೈರಸ್ಸಲ್ಲಿ ಬೇಕಾದಷ್ಟು ಜಾತಿ, ಒಂದೊಂದಕ್ಕೂ ಒಂದು ನಂಬರು; ನಿಮ್ಮಲ್ಲಿರೋದು ಹದಿನಾರನೇ ನಂಬರಿಂದು, ಸ್ವಲ್ಪ ಹಟಮಾರಿ. ಆಸ್ಪತ್ರೆಗೆ ಬಂದು ಒಳಗೆ ಮಸೂರದಲ್ಲಿ ನೋಡಿಸ್ಕೋಬೇಕು.”

ನನಗಾ? ಕಾಲರಕ್ಕನಿಗೆ ಮೊದಲು ಹುಟ್ಟಿದ ಯೋಚನೆ ಅದೇ, ಸುಳ್ಳೇಕೆ. ಹೊರಗೆ ಬಂದು ಉಳಿದ ಎಂಟು ಮುಖ ನೋಡಿದ ಮೇಲೆ ಎರಡನೆಯದು ಹುಟ್ಟಿತು. ಒಂಬತ್ತಕ್ಕೆ ಒಂಬತ್ತೂ ವೈರಸ್ಸು. ಒಂಬತ್ತೂ ಅವಳದೇ.

ಅದು ಎಂಟು ಮಂದಿಗೂ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಗಂಡ ಸತ್ತು ಎಂಟು ವರ್ಷವಾದ ಹೆಂಗಸಿಗೆ ಇಂಥ ವೈರಸ್ಸು ಎಂದರೆ ಜನರ ನಾಲಿಗೆ ಎಲ್ಲೆಲ್ಲಿ ಹರಿದಾಡುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊಟದ ಡಬ್ಬಿ ಮುಚ್ಚುತ್ತಾ ಕಾಜಾ ಚಿಕ್ಕಮ್ಮ ಇಷ್ಟೇ ಅಂದಳು: “ಒಂಬತ್ತು ಜನಾನೂ ಹೋಗಿ ತೋರಿಸ್ಕೊಂಡು ಬರೋಣ. ಯಾರದ್ದು ಏನು ಅಂತ ಯಾಕೆ ಬೇಕು?”

ಕಾಲರಕ್ಕ ತಲೆ ತಗ್ಗಿಸಿ ಹೂಂ ಎಂದಳು. ಆ ಒಂದು ಹೂಂಗೆ ಆಮೇಲೆ ಅವಳು ತನ್ನನ್ನು ತಾನು ಬೈದುಕೊಂಡದ್ದಕ್ಕೆ ಮಿತಿಯೇ ಇಲ್ಲ.

ಸುದ್ದಿ ಹೇಗೋ ಶೆಡ್ಡೆಲ್ಲ ಹರಡಿತು. ಮಾರನೆಯ ದಿನದಿಂದ ನಲ್ಲಿಯ ಹತ್ತಿರ ಬೇರೆ ಲೈನಿನವರು ಲೋಟ ಸರಿಸಿ ಇಡತೊಡಗಿದರು. “ಮೂರನೇ ಲೈನು ಭಾರಿ ಫಾಸ್ಟು ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರ್ಲಿಲ್ಲ,” ಎಂದು ಸೂಪರ್‌ವೈಸರ್ ಹಲ್ಲು ಕಿಸಿದ. ಜೇಬಮ್ಮನ ಮಿಷನ್ನು ಖಾಲಿ. ಅದರ ಮಾರನೆಯ ದಿನವೂ ಖಾಲಿ. ಸಂಜೆ ಕಾಲರಕ್ಕ ಹುಡುಕಿಕೊಂಡು ಹೋದರೆ ಅವಳು ಅಣ್ಣನ ಒಂದೇ ಕೋಣೆಯ ಮನೆಯಲ್ಲಿ, ಗೋಡೆಗೆ ಒರಗಿ ಕುಳಿತಿದ್ದಳು. ಕೆನ್ನೆ ಊದಿತ್ತು.

ಆದದ್ದು ಇಷ್ಟೇ. ಫಾರಂನಲ್ಲಿ ಫೋನ್ ನಂಬರು ಕೇಳಿದ್ದರು. ಜೇಬಮ್ಮನಿಗೆ ಫೋನಿಲ್ಲ, ಗಂಡನ ನಂಬರು ಬರೆದಿದ್ದಳು. ಆಸ್ಪತ್ರೆಯವರು ಪರೀಕ್ಷೆಯ ದಿನ ತಿಳಿಸಲು ಅದಕ್ಕೇ ಮಾಡಿ, ಎತ್ತಿಕೊಂಡ ಗಂಡನಿಗೆ ವೈರಸ್ಸಿನ ವಿಷಯವನ್ನೂ ಹೇಳಿಬಿಟ್ಟರು.

“ಎಲ್ಲಿಂದ ತಂದೆ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಮಗಳನ್ನ ಒಳಗಿಟ್ಕೊಂಡು ನನ್ನನ್ನ ಆಚೆ ಹಾಕಿದ್ರು. ನಾಲ್ಕು ವರ್ಷದ್ದು ಅಕ್ಕಾ, ನಾನಿಲ್ದೆ ನಿದ್ದೆ ಮಾಡಲ್ಲ.”

“ಅಯ್ಯೋ ಹುಚ್ಚಿ, ಅದು ನಿನ್ನದಲ್ಲ ಅಂತ ಹೇಳ್ಬಾರ್ದಿತ್ತಾ? ನನ್ನ ಹೆಸರು ಹೇಳ್ಬಾರ್ದಿತ್ತಾ?”

ಜೇಬಮ್ಮ ಅವಳನ್ನೇ ಬೆರಗಿನಿಂದ ನೋಡಿದಳು. “ತುಂಬಿಕೊಟ್ಟಿದ್ದನ್ನ ಯಾರಾದ್ರೂ ಹೇಳ್ತಾರಾ ಅಕ್ಕಾ?”

ಕಾಲರಕ್ಕ ದಡದಡನೆ ಎದ್ದು ನಡೆದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆಯ ಮುಂದೆ ನಿಂತಳು. ಮಗ ಹೋದ ಮೇಲೂ ಅತ್ತೆ ಸೊಸೆ ಒಂದೇ ಮನೆಯಲ್ಲಿ, ಒಂದೇ ಒಲೆಯಲ್ಲಿ ಬಾಳುತ್ತಿದ್ದರು.

“ಅತ್ತೆ, ನನಗೊಂದು ವೈರಸ್ ಇದೆಯಂತೆ. ಗಂಡ ಹೆಂಡತಿ ಕೂಡೋದ್ರಿಂದ ಬರೋದು.”

ಮುದುಕಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. “ನನ್ನ ಮಗ ಹೋಗಿ ಎಂಟು ವರ್ಷ ಆಯ್ತಲ್ಲೇ.”

“ಅಷ್ಟು ವರ್ಷಾನೂ ಸುಮ್ನೆ ಕೂತಿರುತ್ತಂತೆ.”

“ಹಾಗಾದ್ರೆ ಅವನದ್ದೇ. ಅವನೂ ಹಾಗೇ, ಕೂತಲ್ಲಿಂದ ಏಳ್ತಾನೇ ಇರ್ಲಿಲ್ಲ.” ಮತ್ತೆ ಪಾತ್ರೆ ತಿಕ್ಕುತ್ತಾ ಅಂದಳು: “ಬೇರೆ ಯಾರಿಂದ ಬಂದಿದ್ರೂ ನಾನೇನು ಕೇಳ್ತಿರ್ಲಿಲ್ಲ ಕಣೇ. ನೀನು ಹೋಗಿ ಹೇಳು. ಯಾರಾದ್ರೂ ಬಾಯಿಗೆ ಬಂದ ಹಾಗೆ ಆಡಿದ್ರೆ ನನ್ನ ಹತ್ರ ಕಳಿಸು.”

ಕಾಲರಕ್ಕನಿಗೆ ಅಳು ಬಂದದ್ದು ಆವಾಗಲೇ.

ಶುಕ್ರವಾರ ಸಂಶೋಧನೆಯ ಡಾಕ್ಟರಮ್ಮನೇ ಬಂದಳು. ಬೇರೆ ಲೈನುಗಳಲ್ಲಿ ಹತ್ತಕ್ಕೆ ಒಬ್ಬರಿಗೆ ಇದ್ದರೆ ಇಲ್ಲಿ ಒಂಬತ್ತಕ್ಕೆ ಒಂಬತ್ತು, ಅದೂ ಒಂದೇ ನಂಬರಿನದು, ಎಲ್ಲೂ ಕಂಡು ಕೇಳಿದ್ದಲ್ಲ ಎಂದು ಅವಳಿಗೆ ತಲೆ ಕೆಟ್ಟುಹೋಗಿತ್ತು. ಊಟದ ಹಾಲಿನಲ್ಲಿ ಮೂರೂ ಲೈನಿನವರನ್ನು ಕೂರಿಸಿ, ಇದು ಯಾರ ನಡತೆಯ ಪ್ರಶ್ನೆಯೂ ಅಲ್ಲ ಎಂದು ಶುರುಮಾಡಿದಳು. ಕಾಲರಕ್ಕ ಎದ್ದು ನಿಂತಳು.

“ಡಾಕ್ಟರಮ್ಮ, ತಲೆ ಕೆಡಿಸ್ಕೋಬೇಡಿ. ಆ ಒಂಬತ್ತೂ ನಾನೇ ತುಂಬಿದ್ದು. ವೈರಸ್ ಇರೋದು ನನಗೆ. ಇವರು ಯಾರೂ ಪರೀಕ್ಷೆನೇ ಮಾಡಿಸ್ಕೊಂಡಿಲ್ಲ.”

ಡಾಕ್ಟರಮ್ಮನ ಮುಖ ಕೆಂಪಗಾಯಿತು. “ಏನು ಮಾಡಿದ್ದೀರಿ ಗೊತ್ತಾ ನೀವು? ಇದು ಮೂರು ವರ್ಷದ ಕೆಲಸ. ಈ ಎಂಟು ಜನರಲ್ಲಿ ಯಾರಿಗಾದ್ರೂ ನಿಜವಾಗಿ ಕಾಯಿಲೆ ಇದ್ದು, ನಿಮ್ಮದು ಚೆನ್ನಾಗಿದ್ದಿದ್ರೆ? ಏನೂ ಇಲ್ಲ ಅಂತ ಕಳಿಸ್ಬಿಡ್ತಿದ್ವಿ. ಸಾಯ್ತಿದ್ರು!”

ಆ ಮಾತು ಕಾಲರಕ್ಕನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆದರೆ ಕೂರಲಿಲ್ಲ.

“ತಪ್ಪಾಯ್ತು. ಅದು ನನ್ನ ತಲೆಗೆ ಹೊಳೀಲೇ ಇಲ್ಲ. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ. ಆದ್ರೆ ನೀವೂ ಒಂದು ಮಾತು ಕೇಳಿ. ಎಂಟು ಜನ ಕವರು ತಂದು ನನ್ನ ಮಡಿಲಿಗೆ ಹಾಕಿದ್ರಲ್ಲ, ಯಾಕೆ ಅಂತ ನಿಮ್ಮ ಫಾರಂ ಎಲ್ಲಾದ್ರೂ ಕೇಳುತ್ತಾ? ಬಾಗಿಲಿಗೆ ಚಿಲಕ ಇದೆಯಾ ಅಂತ ಕೇಳುತ್ತಾ? ಈ ಫೋನು ಯಾರ ಕೈಲಿರುತ್ತೆ ಅಂತ ಕೇಳುತ್ತಾ? ಫೋನ್ ಮಾಡಿದ್ರಲ್ಲ, ಒಬ್ಬಳ ಮನೆ ಮುರಿದುಬಿತ್ತು, ಗೊತ್ತಾ ನಿಮಗೆ?”

“ನಿಮ್ಮ ಲೈನನ್ನ ಸಂಶೋಧನೆಯಿಂದ ತೆಗೀಲೇಬೇಕು,” ಎಂದಳು ಡಾಕ್ಟರಮ್ಮ, ಈ ಸಲ ಮೆಲ್ಲಗೆ.

“ತೆಗೀರಿ. ಇನ್ನೊಂದು ಸಲ ಕವರು ಕೊಟ್ಟು ತೆಗೀರಿ. ಅದಿಲ್ದೆ ನಾನು ಬಾಗಿಲು ಬಿಡಲ್ಲ.” ಅವಳು ನಿಜವಾಗಿಯೂ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಇವಳಿಗೆ ತಲೆ ಕೆಟ್ಟಿದೆ. ನಾಳೆಯಿಂದ ಕೆಲಸಕ್ಕೆ ಬರ್ಬೇಡ ನೀನು,” ಎಂದು ಸೂಪರ್‌ವೈಸರ್ ಕೂಗಿದ.

“ಸರಿ ಬಿಡಿ ಸಾರ್,” ಎಂದಳು ಕಾಜಾ ಚಿಕ್ಕಮ್ಮ ಕೂತಲ್ಲಿಂದಲೇ. “ನಾಳೆಯಿಂದ ಕಾಲರ್ ಇಲ್ಲದ ಶರ್ಟು ಹೊಲೀತೀವಿ. ನೀವೇ ಮೊದಲು ಹಾಕ್ಕೊಂಡು ತೋರಿಸಿ.”

ನಗು ಎಲ್ಲಿಂದ ಶುರುವಾಯಿತೋ, ಮೂರೂ ಲೈನಿಗೆ ಹರಡಿತು. ಸೂಪರ್‌ವೈಸರ್ ಆ ಮಾತನ್ನು ಇನ್ನೊಮ್ಮೆ ಎತ್ತಲಿಲ್ಲ. ಡಾಕ್ಟರಮ್ಮ ಪೆನ್ನು ತೆಗೆದು ಫಾರಂನಲ್ಲಿ ಫೋನ್ ನಂಬರು ಬರೆಯುವ ಜಾಗವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಫಲಿತಾಂಶ ಇನ್ನು ಕೈಗೇ ಕೊಡುವುದು ಎಂದು ನರ್ಸಮ್ಮನಿಗೆ ಹೇಳಿದಳು.

ಕಾಲರಕ್ಕ ಅವತ್ತೇ ಜೇಬಮ್ಮನ ಗಂಡನ ಗಾಜಿನ ಅಂಗಡಿಗೆ ಹೋದಳು. ಅವನು ಕಿಟಕಿಯ ಗಾಜಿಗೆ ಗೀರು ಹಾಕುತ್ತಿದ್ದ; ಗಿರಾಕಿಗಳು ಇಬ್ಬರಿದ್ದರು. ಇದ್ದರೆ ಇರಲಿ.

“ಏನಪ್ಪಾ, ಆ ಫೋನಲ್ಲಿ ಹೇಳಿದ್ರಲ್ಲ ವೈರಸ್ಸು, ಅದು ನನ್ನದು. ನಿನ್ನ ಹೆಂಡ್ತಿ ಟ್ಯೂಬು ನಾನು ತುಂಬಿದ್ದು. ಅವಳಲ್ಲಿ ಏನೂ ಇಲ್ಲ. ಕೂಗಾಡೋದಿದ್ರೆ ನನ್ನ ಮೇಲೆ ಕೂಗಾಡು. ಅವಳ ಮೇಲೆ ಇನ್ನೊಂದು ಸಲ ಕೈಯೆತ್ತಿದ್ರೆ ಮೂರು ಲೈನು ಹೆಂಗಸರು ಬಂದು ಈ ಅಂಗಡಿ ಮುಂದೆ ಕೂರ್ತೀವಿ.”

ಗಾಜನ್ನು ಕೆಳಗಿಟ್ಟು ಅವನು ಉಸಿರು ಬಿಟ್ಟ. “ಅಂದ್ರೆ ಅವಳು ಸರಿಯಾಗಿದ್ದಾಳೆ ಅನ್ನಿ. ಅದನ್ನ ಮೊದಲೇ ಹೇಳೋಕೆ ಏನಾಗಿತ್ತು ಅವಳಿಗೆ? ಆಯ್ತು, ಬರ್ಲಿ. ಆದ್ರೆ ಇಲ್ಲ ಅಂತ ಆಸ್ಪತ್ರೆ ಕಾಗದ ತೋರಿಸ್ಬೇಕು.”

ಜೇಬಮ್ಮ ಮನೆಗೆ ಹೋದಳು, ಮಗಳನ್ನು ತಬ್ಬಿ ಮಲಗಿದಳು. ಕಾಲರಕ್ಕನಿಗೆ ಮಾತ್ರ ಮನಸ್ಸಿನಲ್ಲಿ ಏನೋ ಚುಚ್ಚುತ್ತಲೇ ಇತ್ತು. ಕೆಟ್ಟದ್ದು ನನ್ನದು, ಇವಳು ಶುದ್ಧ ಎಂದು ತಾನೇ ಹೇಳಿಬಂದ ಹಾಗಾಗಿತ್ತಲ್ಲ. ಹಾಗಾದರೆ ವೈರಸ್ಸಿದ್ದವಳು ಮನೆಯಿಂದ ಹೊರಗೆ ಬೀಳಬೇಕಾದವಳೇ ಎಂದು ತಾನೂ ಒಪ್ಪಿದ ಹಾಗಲ್ಲವೇ?

ಸೋಮವಾರ ಹೊಸ ಕವರು ಬಂದವು. ಟಾಯ್ಲೆಟ್ಟಿಗೆ ಹೊಸ ಚಿಲಕವೂ ಬಂತು, ಡಾಕ್ಟರಮ್ಮ ಮ್ಯಾನೇಜರ್ ಮುಂದೆ ಕೂತು ಹಾಕಿಸಿದ್ದು. ಎಂಟು ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ತಮ್ಮ ತಮ್ಮದು ತಾವೇ ತೆಗೆದುಕೊಟ್ಟರು. “ಅಯ್ಯೋ, ಇಷ್ಟೇನಾ? ಇದಕ್ಕಾ ಇಷ್ಟು ರಾದ್ಧಾಂತ?” ಎಂದಳು ಕಾಜಾ ಚಿಕ್ಕಮ್ಮ ಹೊರಗೆ ಬಂದು. ಅದೇ ವಾರ ಕಾಲರಕ್ಕ ಆಸ್ಪತ್ರೆಗೆ ಹೋದಳು. ಒಳಗೆ ವಿನೆಗರಿನಂಥ ಹುಳಿ ನೀರು ಹಚ್ಚಿ ಮಸೂರದಲ್ಲಿ ನೋಡಿದರು. ಬೆಳ್ಳಗಾದ ಒಂದು ಸಣ್ಣ ಮಚ್ಚೆ. ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದಾಗಿದ್ದದ್ದು. ಅದರ ಚೂರು ತೆಗೆದು ಲ್ಯಾಬಿಗೆ ಕಳಿಸಿ, ಕ್ಯಾನ್ಸರ್ ಅಲ್ಲವೆಂದು ಖಚಿತವಾದ ಮೇಲೆ ಇನ್ನೊಂದು ದಿನ ಕರೆದು ಮಚ್ಚೆಯನ್ನು ಸುಟ್ಟು ತೆಗೆದರು. ಅತ್ತೆ ಎರಡು ಸಲವೂ ಹೊರಗೆ ಬೆಂಚಿನ ಮೇಲೆ ಕೂತು, ಸಿಕ್ಕಸಿಕ್ಕವರಿಗೆಲ್ಲ ಸೊಸೆಯ ವಿಷಯವನ್ನು ಹೇಳಿ ಮುಗಿಸಿದ್ದಳು.

ಫಲಿತಾಂಶ ಬಂದದ್ದು ಒಂದು ಶನಿವಾರ, ಕೆಲಸ ಬಿಡುವ ಹೊತ್ತಿಗೆ. ನರ್ಸಮ್ಮ ಎಂಟು ಲಕೋಟೆಗಳನ್ನು ಎಂಟು ಕೈಗೆ ಕೊಟ್ಟಳು. ಏಳರಲ್ಲಿ ಇಲ್ಲ ಎಂದಿತ್ತು. ಜೇಬಮ್ಮ ತನ್ನದನ್ನು ಎರಡು ಸಲ ಓದಿ ಮಿಷನ್ನಿನ ಮೇಲಿಟ್ಟಳು.

ಕಾಲರಕ್ಕ ಇಣುಕಿ ನೋಡಿದಳು. ಇದೆ ಎಂದಿತ್ತು. ಬೇರೆ ನಂಬರಿನದು.

ಗೇಟಿನ ಹತ್ತಿರ ಇವಳ ಗಂಡ ಬಂದು ನಿಂತಿರುತ್ತಾನೆ, ಇಲ್ಲ ಎಂಬ ಕಾಗದಕ್ಕಾಗಿ. “ಕೊಡು ಇಲ್ಲಿ,” ಎಂದಳು ಅವಸರವಾಗಿ. “ಮತ್ತೆ ನಂದೇ ಟ್ಯೂಬು ಬೆರೆತುಹೋಯ್ತು ಅಂತ ನಾನು ಹೇಳ್ತೀನಿ. ಹೇಗೂ ನನ್ನ ಹೆಸರು ಬೀದಿಗೆ ಬಿದ್ದಾಗಿದೆ.”

“ಬೇಡ ಅಕ್ಕಾ.”

“ಸುಮ್ನಿರೇ. ಮಗು ಗತಿ ಏನು?”

“ಬೇಡ ಅಂದ್ನಲ್ಲ.” ಜೇಬಮ್ಮ ಲಕೋಟೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. “ನಾಳೆ ನನ್ನೊಳಗೆ ಇದು ಬೆಳೆದ್ರೆ ನೀನು ನನ್ನ ಬದಲು ಹೋಗಿ ಮಲಗೋಕಾಗುತ್ತಾ?”

ಇಬ್ಬರೂ ಹೊರಗೆ ನಡೆದರು. ಗೇಟಿನಲ್ಲಿ ಅವನು ಮಗಳ ಕೈ ಹಿಡಿದು ನಿಂತಿದ್ದ. ಸುತ್ತ ಕೆಲಸ ಬಿಟ್ಟ ಹೆಂಗಸರು ಡಬ್ಬಿ ಚೀಲ ಹಿಡಿದು ಗುಂಪುಗುಂಪಾಗಿ ಹೊರಗೆ ಬರುತ್ತಿದ್ದರು.

“ಕೊಟ್ರಾ? ಇಲ್ಲ ಅಂತ ತಾನೇ?”

“ಇದೆ ಅಂತ ಬಂದಿದೆ,” ಎಂದಳು ಜೇಬಮ್ಮ. “ಈ ಸಲ ನನ್ನದೇ ರೀ. ನಾನೇ ತೆಗೆದುಕೊಟ್ಟಿದ್ದು. ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗ್ಬೇಕು.”

ಅವನು ಆಚೀಚೆ ನೋಡಿದ. “ಎಲ್ಲಿಂದ...”

“ಅದನ್ನ ಡಾಕ್ಟರಿಗೂ ಹೇಳೋಕಾಗಲ್ಲ. ನಾನು ನಿಮ್ಮನ್ನ ಕೇಳಿಲ್ಲ. ನೀವೂ ನನ್ನನ್ನ ಕೇಳ್ಬೇಡಿ.”

ಕಾಲರಕ್ಕ ಬಾಯಿ ತೆರೆದಳು. ಜೇಬಮ್ಮ ತಿರುಗಿಯೂ ನೋಡದೆ ಅವಳ ಮುಂಗೈ ಒತ್ತಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕಾಲರಕ್ಕ ತುಂಬಿಕೊಡದೆ ಪಕ್ಕದಲ್ಲಿ ನಿಂತಳು.

“ಮೆಲ್ಲಗೆ ಮಾತಾಡು,” ಎಂದು ಗಂಡ ಹಲ್ಲು ಕಡಿದ. “ಜನ ಇದ್ದಾರೆ.”

ಜೇಬಮ್ಮ ಬಗ್ಗಿ ಮಗಳನ್ನು ಎತ್ತಿಕೊಂಡಳು. ಅವನು ಮಗುವಿನ ಕೈ ಬಿಡಲಿಲ್ಲ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಜನರ ಕಡೆಗೆ ತಿರುಗಿದಳು.

“ನನಗೆ ಎಚ್‌ಪಿವಿ ಇದೆ!” ಅಷ್ಟು ದೊಡ್ಡ ದನಿ ಅವಳಲ್ಲಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. “ಗುರುವಾರ ಹೋಗಿ ತೋರಿಸ್ಕೋತೀನಿ. ನಾನು ಬದುಕ್ಬೇಕು. ನಿಮ್ಮಲ್ಲಿ ಪರೀಕ್ಷೆ ಮಾಡಿಸ್ಕೊಳ್ಳದವರು ಇದ್ರೆ ನರ್ಸಮ್ಮ ಇನ್ನೂ ಒಳಗಿದ್ದಾರೆ!”

ಮಗು ಹೆದರಿ ಅಮ್ಮನ ಕುತ್ತಿಗೆ ತಬ್ಬಿಕೊಂಡಿತು. ಆಗ ಒಂದನೇ ಲೈನಿನಲ್ಲಿ ತೋಳು ಹೊಲಿಯುವವಳೊಬ್ಬಳು, ನಲ್ಲಿಯ ಹತ್ತಿರ ಮೊದಲು ಲೋಟ ಸರಿಸಿದ್ದವಳೇ, ಊಟದ ಡಬ್ಬಿಯನ್ನು ಪಕ್ಕದವಳ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ತಿರುಗಿ ಒಳಗೆ ಹೋದಳು.